ಕೀ ಆನ್ಸರ್ ಅಂಕಲ್

2025ರ ಮಾರ್ಚ್ 21. ಮಗಳ ಎಸ್ಸೆಲ್ಸಿ ಶುರು. ವಿಜಯನಗರದ ಮಾರುತಿ ಮಂದಿರದಲ್ಲಿ ಹಾಲ್ ಟಿಕೆಟ್ಟಿಗೂ ಎರಡು ಪೆನ್ನಿಗೂ ಪೂಜೆ ಮಾಡಿಸಿಕೊಂಡು ಬಸವೇಶ್ವರನಗರದ ಪರೀಕ್ಷಾ ಕೇಂದ್ರ ಮುಟ್ಟುವಷ್ಟರಲ್ಲಿ ಒಂಬತ್ತೂಕಾಲು. ಅರ್ಚಕರು ಇಟ್ಟ ಕುಂಕುಮ ಸರಿಯಾಗಿ ಫೋಟೋದೊಳಗಿನ ಮಗಳ ಹಣೆಗೇ ಅಂಟಿತ್ತು. ಒರೆಸಿದರೆ ಅಪಶಕುನ, ಬಿಟ್ಟರೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನಾನೂ ನನ್ನ ಹೆಂಡತಿಯೂ ಗೇಟಿನ ಮುಂದೆ ಜಗಳಕ್ಕೆ ನಿಂತಾಗ ಹೊಂಗೆ ಮರದ ಕೆಳಗಿಂದ ದನಿ ಬಂತು:

"ಬಿಡ್ತಾರೆ ಸಾರ್. ರಿಜಿಸ್ಟರ್ ನಂಬರ್ ಮೇಲೆ ಬೀಳ್ಬಾರ್ದು, ಅಷ್ಟೇ."

ತಿರುಗಿದರೆ ಅರವತ್ತರ ಆಸುಪಾಸಿನ ಒಬ್ಬರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ನೀಲಿ, ಕಪ್ಪು ಪೆನ್ನು ಮತ್ತು ಚೂಪು ಮಾಡಿದ ಪೆನ್ಸಿಲ್. ಕಂಕುಳಲ್ಲಿ ಕ್ಲಿಪ್ಪಿರುವ ಎಕ್ಸಾಂ ಪ್ಯಾಡು, ಕೈಯಲ್ಲಿ ನೀರಿನ ಬಾಟಲು. ಒಳಗೆ ಹೋಗುವವರಿಗಿಂತ ಇವರದೇ ತಯಾರಿ ಜೋರು. ಪಾಪ, ಮಗುವೋ ಮೊಮ್ಮಗುವೋ ಒಳಗಿರಬೇಕು ಅಂದುಕೊಂಡೆ. ಮಕ್ಕಳು ಆಗಲೇ ಹೆಸರಿಟ್ಟಿದ್ದರು: ಕೀ ಆನ್ಸರ್ ಅಂಕಲ್.

ಹತ್ತಕ್ಕೆ ಗಂಟೆ ಹೊಡೆಯಿತು. ಅಪ್ಪಂದಿರು ಮೊಬೈಲು ತೆಗೆದರು, ಅಮ್ಮಂದಿರು ಮೆಟ್ಟಿಲ ಮೇಲೆ ಕೂತು ತುಟಿ ಆಡಿಸತೊಡಗಿದರು. ಅಂಕಲ್ ಮಾತ್ರ ವಾಚು ನೋಡುತ್ತಾ ವೀಕ್ಷಕ ವಿವರಣೆಗೆ ನಿಂತರು. "ಈಗ ಹದಿನೈದು ನಿಮಿಷ ಪೇಪರ್ ಓದೋಕೆ. ಪೆನ್ ಮುಟ್ಟೋ ಹಂಗಿಲ್ಲ." ಹತ್ತೂಕಾಲಿಗೆ, "ಹಾಂ, ಬರೀರಿ!" ಅಂತ ನಮಗೇ ಅಪ್ಪಣೆ ಕೊಟ್ಟರು. ಪಕ್ಕದಲ್ಲಿದ್ದ ಒಬ್ಬರು ಗಾಬರಿಯಲ್ಲಿ ಜೇಬು ತಡಕಿದರು.

"ನಿಮ್ ಮಗಳದು ಫಸ್ಟ್ ಲ್ಯಾಂಗ್ವೇಜ್ ಯಾವ್ದು ಸಾರ್?"

"ಸಂಸ್ಕೃತ."

"ಜಾಣರು. ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಅಂದ್ಕೊಳ್ಳಿ. ಕನ್ನಡ?"

"ಥರ್ಡ್ ಲ್ಯಾಂಗ್ವೇಜ್," ಅಂದೆ, ದನಿ ತಗ್ಗಿಸಿ. ಮನೆಯಲ್ಲಿ ಮೊದಲನೆಯದು, ಮಾರ್ಕ್ಸ್ ಕಾರ್ಡಿನಲ್ಲಿ ಮೂರನೆಯದು. ನಮ್ಮ ರಾಜಾಜಿನಗರದ ಕಡೆ ಮನೆಮನೆಯ ಲೆಕ್ಕ ಇದು. ಒಟ್ಟು 625ರ ಮುಂದೆ ಮಾತೃಭಾಷೆಯ ಸ್ವಾಭಿಮಾನ ಸ್ವಲ್ಪ ಸರಿದು ಜಾಗ ಬಿಟ್ಟಿತ್ತು.

ಸೋಮವಾರ ಗಣಿತ. ಅಂಕಲ್ ಬೆಳಗ್ಗೆಯೇ ಥೇಲ್ಸ್ ಪ್ರಮೇಯ ಗ್ಯಾರಂಟಿ ಎಂದು ಸಾರಿದ್ದರು. ಅವರ ಭವಿಷ್ಯಕ್ಕೆ ಸೋಲೆಂಬುದಿಲ್ಲ: ಬಂದರೆ "ಹೇಳಿರ್ಲಿಲ್ವಾ?", ಬರದಿದ್ದರೆ "ಪೇಪರ್ ಸೆಟ್ ಮಾಡ್ದೋನಿಗೆ ಬ್ಲೂಪ್ರಿಂಟೇ ಗೊತ್ತಿಲ್ಲ". ಅಂಕಿಅಂಶವಂತೂ ನಾಲಿಗೆಯ ತುದಿಯಲ್ಲಿ. "2023ರಲ್ಲಿ ಪಾಸಾದೋರು 83.89 ಪರ್ಸೆಂಟು. 2024ರಲ್ಲಿ ವೆಬ್ ಕ್ಯಾಮೆರಾ ಹಾಕಿದ್ರು ನೋಡಿ, 73.40! ಅದೂ ಗ್ರೇಸ್ ಮಾರ್ಕ್ಸ್ ಸುರಿದು. ಅಂದ್ರೆ ಅಷ್ಟು ದಿನ ಬರೀತಿದ್ದೋರು ಯಾರು?" ಕಾವಲಿಗಿದ್ದ ಪೊಲೀಸಪ್ಪ ಬೇರೆ ಕಡೆ ನೋಡಿದ.

ಆಗ ಇದ್ದ, ವರ್ಷಕ್ಕೆ ಮೂರು ಪರೀಕ್ಷೆ, ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಇಟ್ಟುಕೊಳ್ಳಬಹುದು ಎಂಬ ವ್ಯವಸ್ಥೆಯ ಮೇಲೆ ಮಾತ್ರ ಅವರಿಗೆ ಸಿಟ್ಟು. "ನಮ್ ಕಾಲ್ದಲ್ಲಿ ಹೀಗಿದ್ದಿದ್ರೆ..." ಅಂದವರು ಮಾತು ಅಲ್ಲಿಗೇ ನುಂಗಿ, ಬಾಟಲು ಎತ್ತಿ ನೀರು ಕುಡಿದರು.

ಒಂದೂಕಾಲರ ಗಂಟೆಯಾದರೆ ಅಂಕಲ್ ಗೇಟಿಗೆ ಅಡ್ಡ. ಮೊದಲು ಸಿಕ್ಕ ಮಗುವಿನ ಕೈಯಿಂದ ಪ್ರಶ್ನೆಪತ್ರಿಕೆ ಪ್ಯಾಡಿಗೇರುತ್ತದೆ, ಪೆನ್ಸಿಲ್ ಓಡುತ್ತದೆ. "ಇದು ಬರ್ದ್ಯಾ? ಡಯಾಗ್ರಾಂ? ಯೂನಿಟ್ ಹಾಕಿದ್ಯಾ? ಹಾಕಿಲ್ವಾ? ಅರ್ಧ ಹೋಯ್ತು." ಕೊನೆಗೆ ಗೆರೆ ಎಳೆದು, ಕೂಡಿ, ಅಕ್ಷರ ಚೆನ್ನಾಗಿರಲಿಕ್ಕಿಲ್ಲವೆಂಬ ಊಹೆಗೆ ಒಂದು ಅಂಕ ಕಳೆದು ಪ್ರಕಟಣೆ: "ಎಪ್ಪತ್ತೊಂದು!" ನಗುತ್ತಾ ಬಂದ ಹುಡುಗ ಮುಖ ಇಳಿಬಿಟ್ಟುಕೊಂಡು ಸ್ಕೂಟರ್ ಹತ್ತುತ್ತಾನೆ. ಮೂರನೇ ದಿನದ ಹೊತ್ತಿಗೆ ಮಕ್ಕಳು ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ಬಗ್ಗಿ ಪಾರಾಗುವುದನ್ನು ಕಲಿತರು. ಸಿಕ್ಕಿಬೀಳುತ್ತಿದ್ದವರು ಅಪ್ಪಂದಿರು.

ಸಮಾಜ ವಿಜ್ಞಾನಕ್ಕೂ ವಿಜ್ಞಾನಕ್ಕೂ ನಡುವೆ ಯುಗಾದಿ ಬಂತು. ಹೋಳಿಗೆ ತಿಂದರೆ ಮಗಳಿಗೆ ನಿದ್ದೆ ಬರುತ್ತದೆಂದು ನನ್ನವಳು ಬೇವುಬೆಲ್ಲದಲ್ಲೇ ಹಬ್ಬ ಮುಗಿಸುವ ಯೋಚನೆಯಲ್ಲಿದ್ದಳು. ಅಂಕಲ್ ತಡೆದರು: "ಕೊಡಮ್ಮಾ, ಆದ್ರೆ ಎರಡೇ. ಮೂರನೇದು ಮೆಮೊರಿಗೆ ಒಳ್ಳೇದಲ್ಲ." ಮೂರನೆಯದೂ ಆಮೇಲಿನವೂ ನನ್ನ ಪಾಲಿಗೆ ಬಂದವು. ಅವರ ಋಣ ನನ್ನ ಮೇಲಿದೆ.

ಏಪ್ರಿಲ್ 4, ಕೊನೆಯ ದಿನ, ತೃತೀಯ ಭಾಷೆ. "ಕನ್ನಡ ತಾನೇ" ಎಂದು ಹಿಂದಿನ ರಾತ್ರಿ ಪುಸ್ತಕ ಮುಟ್ಟದವಳನ್ನು ಅಂಕಲ್ ಗೇಟಿನಲ್ಲಿ ಹಿಡಿದರು.

"ಮಳೆಗಾಲ. ಯಾವ ಸಂಧಿ ಪುಟ್ಟಾ?"

"ಲೋಪ...?"

"ಆದೇಶ! ಕಾಲ ಹೋಗಿ ಗಾಲ ಆಯ್ತಲ್ವಾ?"

ಮಗಳು ನನ್ನ ಕಡೆ ನೋಡಿದಳು. ನಾನು ಹೊಂಗೆ ಮರದ ಚಿಗುರು ನೋಡಿದೆ. ನನಗೂ ಲೋಪ ಅಂತಲೇ ಇತ್ತು.

ಅವತ್ತು ಪರೀಕ್ಷೆ ಮುಗಿದಾಗ ಎಲ್ಲರ ಮಕ್ಕಳೂ ಶರ್ಟಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಾ ಹೊರಬಂದರು. ಅಂಕಲ್ಲಿನ ಮಗು ಮಾತ್ರ ಬರಲಿಲ್ಲ. ಜನ ಕರಗಿದರು. ಕೇಳೋಣವೆಂದು ಹತ್ತಿರ ಹೋಗುವಷ್ಟರಲ್ಲಿ ಬೀದಿ ನಡುಗುವಂತೆ ಸೈಲೆನ್ಸರ್ ಬದಲಿಸಿದ ಬೈಕೊಂದು ಬಂದು ನಿಂತಿತು. ಮೂವತ್ತರ ಗಡ್ಡದ ಯುವಕ. ಟೀ ಶರ್ಟಿನ ಮೇಲೆ ಕೆಂಗೇರಿಯ ಯಾವುದೋ ಬೈಕ್ ಗ್ಯಾರೇಜಿನ ಹೆಸರು, ಉಗುರಲ್ಲಿ ಗ್ರೀಸು. ಅಂಕಲ್ಲಿನ ಕೈಯಿಂದ ಪ್ಯಾಡು, ಬಾಟಲು ಇಸಿದುಕೊಂಡು ಹೆಲ್ಮೆಟ್ ತೊಡಿಸಿ, ಗಲ್ಲದ ಕೆಳಗೆ ಕ್ಲಿಪ್ ಹಾಕುತ್ತಾ ಕೇಳಿದ:

"ಹೆಂಗಿತ್ತಪ್ಪಾ ಪೇಪರ್ರು?"

"ಈಜಿ ಕಣೋ," ಅಂದರು ಅಂಕಲ್. "ಗ್ರಾಮರ್ ಒಂಚೂರು ಟ್ವಿಸ್ಟ್ ಮಾಡಿದ್ರು."