ಶಾಲಾ ದೇಣಿಗೆ ಮೀಮಾಂಸೆ: ತೆಪ್ಪಕಾಡು ಮಾದರಿ

1. ಪೀಠಿಕೆ

ಶಾಲೆಗೆ ದುಡ್ಡು ಕೂಡಿಸುವುದನ್ನು ನಮ್ಮ ಹಿರಿಯರು ಚಂದಾ ಎತ್ತುವುದು ಎನ್ನುತ್ತಿದ್ದರು. ಶಾಸ್ತ್ರ ಬೆಳೆಯದ ಕಾಲ ಅದು. ಈಗ ಅದು ‘ಬಹುಪಾಲುದಾರ ಸಹಭಾಗಿತ್ವಾಧಾರಿತ ಸಂಪನ್ಮೂಲ ಕ್ರೋಡೀಕರಣ’. ಹೋಟೆಲೊಂದರ ಎ.ಸಿ. ಸಭಾಂಗಣದಲ್ಲಿ ನಡೆದ ಕಾರ್ಯಾಗಾರದಲ್ಲಿ ಪ್ರಸ್ತುತ ಲೇಖಕ ಈ ವಿದ್ಯೆಯನ್ನು ಸಾಂಗವಾಗಿ ಕಲಿತಿದ್ದಾನೆ. ಊಟದ ತನಕ ಅಲ್ಲಿ ಮಕ್ಕಳ ಸುದ್ದಿ ಬರಲಿಲ್ಲ. ‘ಅಂತಿಮ ಫಲಾನುಭವಿ’ಗಳ ಸುದ್ದಿ ಧಾರಾಳವಾಗಿ ಬಂತು.

2. ಕ್ಷೇತ್ರನಿರ್ಣಯ

ಸಿದ್ಧಾಂತವನ್ನು ಪ್ರಯೋಗಿಸಲು ನೀಲಗಿರಿಯ ತೆಪ್ಪಕಾಡನ್ನು ಆರಿಸಿಕೊಳ್ಳಲಾಗಿದೆ. ಕಾರಣಗಳು ಮೂರು. ಒಂದು, ಸ್ಥಳಮಹಿಮೆ: ಮುದುಮಲೈ ಹುಲಿ ಸಂರಕ್ಷಿತ ಪ್ರದೇಶ, ಮೋಯಾರ್ ಹೊಳೆ, ಹಳೆಯ ಆನೆ ಶಿಬಿರ, ಕರಪತ್ರದ ಮುಖಪುಟಕ್ಕೆ ಬೇರೆ ಖರ್ಚಿಲ್ಲ. ಎರಡು, ಕೀರ್ತಿ: 2023ರ ಮಾರ್ಚ್‌ನಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದ ಮೇಲೆ ಅದರಲ್ಲಿ ಕಾಣಿಸಿಕೊಂಡ ಇಲ್ಲಿನ ಬೊಮ್ಮನ್, ಬೆಳ್ಳಿ ದಂಪತಿಯನ್ನು ಕಾಣಲು ಏಪ್ರಿಲ್‌ನಲ್ಲಿ ಪ್ರಧಾನಿ, ಆಗಸ್ಟ್‌ನಲ್ಲಿ ರಾಷ್ಟ್ರಪತಿ ಬಂದರು. ಮೂರು, ಕಾಲನಿಯಂತ್ರಣ: ಮೈಸೂರಿಗೆ ಹೋಗುವ ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಮುಖ್ಯ ಅತಿಥಿಯ ಭಾಷಣಕ್ಕೆ ಗೇಟು ಹಾಕಬಲ್ಲ ಊರು ಎಲ್ಲಾದರೂ ಸಿಕ್ಕೀತೇ?

3. ದಾನಿವರ್ಗೀಕರಣ

ಅ) ಶಿಲಾಫಲಕನಿಷ್ಠ. ಫಲಕಕ್ಕೆ ಆಧಾರ ಬೇಕಲ್ಲ ಎಂದು ಕೊಠಡಿ ಕಟ್ಟಿಸುವವರು. ಉಪವರ್ಗ ವ್ಯಜನಪಕ್ಷೀಯ: ಫ್ಯಾನಿನ ಮೂರು ರೆಕ್ಕೆಗೂ ತೀರ್ಥರೂಪರ ಹೆಸರು. ತಿರುಗಿದರೆ ಓದಲಾಗದು, ಆದ್ದರಿಂದ ಸಮಾರಂಭ ಮುಗಿಯುವ ತನಕ ಸ್ವಿಚ್ ಹಾಕತಕ್ಕದ್ದಲ್ಲ.

ಆ) ದ್ವಿಶೇಕಡಾಶೂರ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಾನೂನು ಮಾಡಿಸಿದ್ದನ್ನು ಹೃದಯವೈಶಾಲ್ಯವೆಂದು ವೇದಿಕೆಯಲ್ಲಿ ಓದಿಸುವುದು ಈ ವರ್ಗದ ಲಕ್ಷಣ. ಇವರ ರಟ್ಟಿನ ಚೆಕ್ಕು ತರಗತಿಯ ಬಾಗಿಲಲ್ಲಿ ಹಿಡಿಸುವುದಿಲ್ಲ.

ಇ) ರೆಸಾರ್ಟಾಗತ. ಶನಿವಾರ ಮಸಿನಗುಡಿಗೆ ಬಂದು, ಭಾನುವಾರ ಮಗುವಿನ ಭುಜದ ಮೇಲೆ ಕೈಯಿಟ್ಟು ನೋಟ್‌ಬುಕ್ ಸಮೇತ ಫೋಟೊ ತೆಗೆಸಿಕೊಂಡು, ಕಲ್ಲಟ್ಟಿಯ 36 ತಿರುವು ಹತ್ತಿ ಊಟಿಗೆ ಹೋಗುವವರು.

ಔ ತನಕ ಬರೆಯುವ ಯೋಜನೆಯಿತ್ತು. ಕೊನೆಗೆ ಎಲ್ಲರೂ ಒಂದೇ ಫೋಟೊದಲ್ಲಿ ನಿಲ್ಲುವುದರಿಂದ ಇಷ್ಟು ಸಾಕು.

4. ಆಕ್ಷೇಪ ನಿರಾಕರಣೆ

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು ಉಳಿತಾಯದ ದುಡ್ಡು ಹಾಕಿ, ಕಂಡಕಂಡವರನ್ನು ಕೇಳಿ, ತಮ್ಮ ನ್ಯೂಪಡ್ಪುವಿಗೆ ಶಾಲೆ ತಂದರಲ್ಲ, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತಲ್ಲ ಎಂದು ಕೆಲವರು ಕೇಳಬಹುದು. ಶಾಸ್ತ್ರದೃಷ್ಟಿಯಲ್ಲಿ ಇದು ದೋಷಯುಕ್ತ ಪ್ರಕರಣ. ಲೋಗೊ ಇಲ್ಲ, ಪವರ್‌ಪಾಯಿಂಟ್ ಇಲ್ಲ, ಕಾರ್ಯಾಗಾರದ ಪ್ರಮಾಣಪತ್ರವಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಶಾಲೆ ಕಟ್ಟಿಸಿಬಿಟ್ಟರೆ ಸಂಪನ್ಮೂಲ ವ್ಯಕ್ತಿಗಳ ಹೊಟ್ಟೆಪಾಡೇನು?

5. ಸಮಾರಂಭವಿಧಿ

ಮಕ್ಕಳು ಬೆಳಿಗ್ಗೆ 9ಕ್ಕೆ ಸಾಲಾಗಿ ನಿಲ್ಲತಕ್ಕದ್ದು. ಅತಿಥಿ 12ಕ್ಕೆ ಬರತಕ್ಕದ್ದು. ಆದಿವಾಸಿ ಮಕ್ಕಳಿಗೆ ‘ಸಾಂಪ್ರದಾಯಿಕ ನೃತ್ಯ’ ಕಡ್ಡಾಯ. ಲೆಕ್ಕದಲ್ಲಿ ಚುರುಕಾದ ಮಗುವಿದ್ದರೆ ಅದಕ್ಕೆ ಹಿಂದಿನ ಸಾಲು. ಮನೆಯಲ್ಲಿ ಕನ್ನಡಕ್ಕೆ ಹತ್ತಿರದ ನುಡಿಯಾಡಿ ಶಾಲೆಯಲ್ಲಿ ತಮಿಳು ಓದುವ ಕಾಟ್ಟುನಾಯಕರ ಮಗು ಮೊದಲು ‘ಥ್ಯಾಂಕ್ಯೂ ಸರ್’ ಕಲಿಯತಕ್ಕದ್ದು. ಅತಿಥಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅವುಗಳ ಬಿಲ್ಲು ದೇಣಿಗೆಯ ಲೆಕ್ಕಕ್ಕೆ.

ಶಾಸ್ತ್ರ ಸ್ವಲ್ಪ ಬದಿಗಿರಲಿ. ಇದೇ ತೆಪ್ಪಕಾಡಿನ ಶಿಬಿರದಲ್ಲಿ ರಾಗಿ, ಹುರುಳಿ ಬೇಯಿಸಿ, ಬೆಲ್ಲ, ಉಪ್ಪು ಸೇರಿಸಿ ಆನೆಗಳಿಗೆ ಮುದ್ದೆ ಕಟ್ಟಿ ಕೊಡುತ್ತಾರೆ. ಯಾವ ಆನೆಗೆ ಎಷ್ಟು ಎಂಬ ಲೆಕ್ಕವಿದೆ. ಮುದ್ದೆ ಬೇಕಾದರೆ ಸ್ವಾಗತಗೀತೆ ಹಾಡು ಎಂದು ಯಾರೂ ಆನೆಗೆ ಹೇಳುವುದಿಲ್ಲ. ಹೇಳಲೂಬಾರದು. ಹಾಗಾದರೆ ಆ ಆನೆ ನೋಡಿಕೊಳ್ಳುವ ಮಾವುತನ ಮಗಳು, ಕಾವಡಿಯ ಮಗ ಒಂದು ಜೊತೆ ಶೂಗಾಗಿ ಯಾಕೆ ಕುಣಿಯಬೇಕು?

6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೂ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ, ಸರ್ಕಾರಿ ಶಾಲೆಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿತು. ಗಲಾಟೆಯಾದ ಮೇಲೆ ಹಿಂದಕ್ಕೆ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ‘ನಮ್ಮ ಸ್ಕೂಲ್ ನಮ್ಮ ಊರು ಪಳ್ಳಿ’ ಎಂದು ಹಳೆಯ ವಿದ್ಯಾರ್ಥಿಗಳ, ಕಂಪನಿಗಳ ಮುಂದೆ ಕೈಚಾಚಿತು. ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಒಳ್ಳೆಯವರೇ ಹೆಚ್ಚು. ತೆರಿಗೆ ವಸೂಲಿ ಮಾಡುವ ಸರ್ಕಾರ ಶಾಲೆಯ ಹೆಂಚಿಗೆ ತಟ್ಟೆ ಹಿಡಿದಾಗ, ಹಕ್ಕಿನಿಂದ ಬರಬೇಕಾದ್ದು ಉಪಕಾರದ ರೂಪದಲ್ಲಿ ಬರುತ್ತದೆ. ಉಪಕಾರ ಪಡೆದವರು ಪ್ರಶ್ನೆ ಕೇಳುವುದಿಲ್ಲ. ಮೇಷ್ಟ್ರಿಲ್ಲದ ತರಗತಿಯ ಬಗ್ಗೆ ಅಪ್ಪ ಅಮ್ಮ ಬಾಯಿ ಬಿಟ್ಟರೆ, ಮೊನ್ನೆ ತಾನೇ ಬ್ಯಾಗು ಕೊಟ್ಟೆವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

6. ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೂ ಕೇಳಿದವರಿಗೂ ಸಕಲ ಸಂಪನ್ಮೂಲ ಪ್ರಾಪ್ತವಾಗುವುದು ಎಂದು ಮುಗಿಸಬೇಕಿತ್ತು. ಆ ಉತ್ಸಾಹ ಉಳಿದಿಲ್ಲ. ಕೊಡುವ ಮನಸ್ಸಿದ್ದರೆ ಶಾಲೆಗೆ ಏನು ಬೇಕೆಂದು ಮೇಷ್ಟ್ರನ್ನು ಕೇಳಿ ಕೊಡಿ. ಬಜೆಟ್ಟಿನಲ್ಲಿ ಅದು ಯಾಕಿಲ್ಲ ಎಂದು ನಿಮ್ಮ ಶಾಸಕರನ್ನೂ ಕೇಳಿ. ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಬೇಡಿ. ಚೆಕ್ಕನ್ನು ಅಂಚೆಯಲ್ಲಿ ಕಳಿಸಿ; ರಸೀದಿಯೂ ಅಂಚೆಯಲ್ಲೇ ಬರಲಿ.