ಜಲಸ್ಕೂಟರ್ ಮೀಮಾಂಸೆ: ಡೊಂಬಿವಲಿ ಪಾಠ

ಲಕ್ಷಣ ಹೇಳದೆ ಶಾಸ್ತ್ರ ಆರಂಭಿಸಬಾರದು. ಆದ್ದರಿಂದ ಮೊದಲ ಸೂತ್ರ: ನೀರಿನಲ್ಲಿ ಮುಳುಗಿರುವ ಸ್ಕೂಟರೇ ಜಲಸ್ಕೂಟರ್. ಇದನ್ನು ಕೇಳಿದ್ದೇ ತಡ, ಕಲ್ಯಾಣ್ ಪಂಥದವರು ಎದ್ದು ನಿಂತು, "ಹಾಗಾದರೆ ನಮ್ಮ ಬಿಲ್ಡಿಂಗಿನ ಕೆಳಗಿರುವ ಆಕ್ಟಿವಾ ಪ್ರತಿ ಜುಲೈಯಲ್ಲೂ ಜಲಸ್ಕೂಟರೇ ಆಯಿತಲ್ಲ" ಎಂದು ವಾದಿಸುತ್ತಾರೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಅವರು ಪ್ರಮಾಣವಾಗಿ ಮುಂದಿಡುತ್ತಾರೆ. ಅಂದು ಕಲ್ಯಾಣದ ಬಳಿಯ ಉಲ್ಹಾಸ್ ನದಿಯೂ ಉಕ್ಕಿತ್ತು. ವಾದ ಸರಿಯೇ. ಸೇರಬಾರದ್ದನ್ನೂ ಸೇರಿಸಿಕೊಳ್ಳುವ ಅತಿವ್ಯಾಪ್ತಿ ದೋಷ ನಮ್ಮ ಲಕ್ಷಣಕ್ಕೆ ತಗಲಿದೆ. ಪರಿಷ್ಕಾರ ಹೀಗೆ: ಸ್ಕೂಟರಿನೊಂದಿಗೆ ಸವಾರನೂ ಮುಳುಗಿರಬೇಕು, ಮೋಟಾರು ಓಡುತ್ತಿರಬೇಕು, ಇದೆಲ್ಲ ಸವಾರನ ಇಚ್ಛೆಯಿಂದಲೇ ಆಗಿರಬೇಕು. ಮೂರನೆಯ ವಿಶೇಷಣವೊಂದೇ ಸಾಕು, ಥಾಣೆ ಜಿಲ್ಲೆಯ ವಾಹನಗಳೆಲ್ಲ ಲಕ್ಷಣದಿಂದ ಹೊರಗುಳಿಯುತ್ತವೆ.

ವಂಶಾವಳಿ ಸಂಕ್ಷಿಪ್ತ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆ ಸವಾರಿ ಮಾಡಬಲ್ಲ ಟಾರ್ಪಿಡೊ ಬಳಸಿತು. ಓಡಿಸಲು ಅದೆಷ್ಟು ಹಟಮಾರಿಯೆಂದರೆ ಸೈನಿಕರು ಅದನ್ನು ಹಂದಿ ಎಂದೇ ಕರೆದರು. 1941ರ ಡಿಸೆಂಬರ್ 19ರ ಬೆಳಗಿನ ಜಾವ ಆರು ಮಂದಿ ಮೂರು 'ಹಂದಿ'ಗಳನ್ನೇರಿ ಅಲೆಕ್ಸಾಂಡ್ರಿಯಾ ಬಂದರಿಗೆ ನುಸುಳಿ, ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆಗಳನ್ನು ನಿಷ್ಕ್ರಿಯಗೊಳಿಸಿದರು. 1965ರ ಜೇಮ್ಸ್ ಬಾಂಡ್ ಚಿತ್ರ 'ಥಂಡರ್‌ಬಾಲ್' ಈ ಕುಲಕ್ಕೆ ಗ್ಲಾಮರ್ ತಂದಿತು. ಈಗ ಸಿಗುವುದು ಅದರ ಸಾಧು ಮೊಮ್ಮಗ: ಒಳಗೆ ಬ್ಯಾಟರಿ, ಹಿಂದೆ ಪಂಜರದೊಳಗೆ ಪ್ರೊಪೆಲ್ಲರ್, ಹಿಡಿಯ ಬಳಿ ಟ್ರಿಗರ್. ಟ್ರಿಗರ್ ಒತ್ತಿದರೆ ಎಳೆದೊಯ್ಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಲ್ಲಬೇಕು, ಅಷ್ಟೆ.

ಇಂಥದ್ದೊಂದು ಬೇಕೇ ಎಂಬ ಶಂಕೆಗೆ ಕನ್ನಡದಲ್ಲೇ ಸಮಾಧಾನವಿದೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ವೈಶಂಪಾಯನ ಸರೋವರ ಹೊಕ್ಕು ಜಲಮಂತ್ರದ ಬಲದಿಂದ ತಳದಲ್ಲಿ ಕೂತ. ಉಸಿರಿನ ಚಿಂತೆಯಿಲ್ಲ. ಆದರೂ ದಡದಿಂದ ಭೀಮ ಅಬ್ಬರಿಸಿದಾಗ ನೀರಿನಲ್ಲಿದ್ದವನಿಗೇ ಬೆವರೊಡೆಯಿತು. ಸಹೃದಯರು ಸಾವಿರ ವರ್ಷದಿಂದ ಇದನ್ನು ರಸವೆಂದು ಸವಿಯುತ್ತಿದ್ದಾರೆ. ಡೈವಿಂಗ್ ಶಾಸ್ತ್ರದಲ್ಲಿ ಇದು ರೋಗಲಕ್ಷಣ. ಶ್ರಮವೋ ಭಯವೋ ಹೆಚ್ಚಿದರೆ ಉಸಿರಾಟ ಏರುತ್ತದೆ, ಸಿಲಿಂಡರ್ ಬೇಗ ಬರಿದಾಗುತ್ತದೆ. ಸ್ಕೂಟರು ಕಾಲಿನ ಶ್ರಮ ಉಳಿಸಿ ಆ ಮೂಲಕ ಗಾಳಿಯನ್ನೂ ಉಳಿಸುತ್ತದೆ. ಕೌರವನ ಎರಡನೆಯ ತಪ್ಪು ಇನ್ನೂ ದೊಡ್ಡದು. ಬೈಗುಳ ತಾಳಲಾರದೆ ಸರಕ್ಕನೆ ಮೇಲೆದ್ದುಬಿಟ್ಟ. 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗುವ ಸೇಫ್ಟಿ ಸ್ಟಾಪ್ ಮಾಡಲೇ ಇಲ್ಲ. ಒತ್ತಡ ಥಟ್ಟನೆ ಇಳಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಕೀಲುಗಳನ್ನು ಹಿಡಿಯುತ್ತದೆ. ಆದ್ದರಿಂದ ಭೀಮನ ಗದೆ ತೊಡೆಗೆ ತಾಗುವ ಮುನ್ನವೇ ಆ ಕಾಲಿನಲ್ಲಿ ನೋವಿತ್ತೆಂಬುದು ನಮ್ಮ ನಮ್ರ ಊಹೆ. ಜಲಮಂತ್ರದಲ್ಲಿ ಸಾರಜನಕದ ಪಾಲೆಷ್ಟೆಂದು ರನ್ನ ಹೇಳದೆ ಹೋದದ್ದರಿಂದ ವಿಷಯ ಇತ್ಯರ್ಥವಾಗಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದೆಂಬುದು ಎಚ್ಚರಸ್ಥರ ನಿಯಮ. ಸಾಧಾರಣ ಸ್ಕೂಟರು ಗಂಟೆಗೆ 4 ಕಿಲೋಮೀಟರ್ ಹೋಗುತ್ತದೆ. ಕಡಲತೀರದಲ್ಲಿ ಕಡಲೆಕಾಯಿ ತಿನ್ನುತ್ತ ನಡೆಯುವವನ ವೇಗ ಅದು, ನಗು ಬರುತ್ತದೆ. ಆದರೆ ನಿಮಿಷಕ್ಕೆ ಅದು ಸುಮಾರು 67 ಮೀಟರ್. ಮೂತಿಯನ್ನು ಮೇಲಕ್ಕೆ ತಿರುಗಿಸಿ ಟ್ರಿಗರ್ ಒತ್ತಿದರೆ 18 ಮೀಟರ್ ಆಳದಿಂದ ಹದಿನಾರೇ ಸೆಕೆಂಡಿನಲ್ಲಿ ಸೂರ್ಯದರ್ಶನ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿ ಎದೆ ತುಂಬ ಗಾಳಿ ತುಂಬಿಕೊಂಡು ಬಾಯಿ ಬಿಗಿಹಿಡಿದು ಏರಿದರೆ ಆ ಗಾಳಿ ಇಮ್ಮಡಿ ಜಾಗ ಕೇಳುತ್ತದೆ, ಶ್ವಾಸಕೋಶ ಕೊಡಲಾರದು. ಮೂತಿ ಕೆಳಗಾದರೆ ಕಿವಿಯ ಸರದಿ, ಮೂಗು ಹಿಡಿದು ಒತ್ತಡ ಸರಿದೂಗಿಸಲು ಪುರುಸೊತ್ತೇ ಇರದು. ಆದ್ದರಿಂದ ಸಿದ್ಧಾಂತ: ಸ್ಕೂಟರು ಅಡ್ಡಡ್ಡ ಸಂಚಾರಕ್ಕೆ ಮಾತ್ರ. ಏರಿಳಿತವೆಲ್ಲ ಸ್ವಂತ ಕಾಲು, ಸ್ವಂತ ಉಸಿರಿನಲ್ಲೇ ಆಗಬೇಕು. ಯಂತ್ರವಿಲ್ಲದೆ ನೀರಿನ ನಡುವೆ ಏರದೆ ಇಳಿಯದೆ ತೇಲಲು ಬಾರದವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ.

ಹಾಗಾದರೆ ಅಧಿಕಾರಿ ಯಾರು? ಡೊಂಬಿವಲಿಯಿಂದ ನಿತ್ಯ ಮುಂಬಯಿಗೆ ಫಾಸ್ಟ್ ಲೋಕಲ್ ರೈಲು ಹಿಡಿಯುವವನೇ. ಇದು ಸ್ಥಳಾಭಿಮಾನವಲ್ಲ. ಅವನ ಚೀಲ ಬೆನ್ನಿನಲ್ಲಿರುವುದಿಲ್ಲ, ಎದೆಗಂಟಿರುತ್ತದೆ. ಕೊಡೆಯ ದಾರ, ಇಯರ್‌ಫೋನಿನ ತಂತಿ ಒಂದೂ ಜೋತಾಡುವುದಿಲ್ಲ. ಸ್ಕೂಟರ್ ಡೈವರ್‌ಗೂ ಇದೇ ಮೊದಲ ಪಾಠ: ಸಡಿಲವಾಗಿ ತೂಗುವ ಪೈಪು, ಪಟ್ಟಿ, ಕೊಕ್ಕೆಗಳನ್ನು ಪ್ರೊಪೆಲ್ಲರ್ ಬಾಯಿಗೆ ಸೆಳೆದುಕೊಳ್ಳುತ್ತದೆ. ಇನ್ನು ಮರಳುವ ವೇಳೆ. ಸಂಜೆ ದಿವಾ ನಿಲ್ದಾಣ ಬರುವ ಮೊದಲೇ ಎದುರಿನವನ ಹೆಗಲು ಮುಟ್ಟಿ "ಡೊಂಬಿವ್ಲಿ ಉತರ್ನಾ ಹೈ?" ಎಂದು ವಿಚಾರಿಸಿ ಬಾಗಿಲತ್ತ ಸರಿಯತೊಡಗದವನು ಕಲ್ಯಾಣಕ್ಕೇ ಹೋಗಿ ಇಳಿಯುತ್ತಾನೆ. ನೀರಿನಲ್ಲಿ ಆ ಕಲ್ಯಾಣವೂ ಇಲ್ಲ. ಹತ್ತು ನಿಮಿಷ ಸುಖವಾಗಿ ಎಳೆಸಿಕೊಂಡು ಸುಮಾರು 670 ಮೀಟರ್ ಹೋದಿರಿ, ಬ್ಯಾಟರಿ ಸತ್ತಿತು ಎನ್ನಿ. ಅರ್ಧ ವೇಗದಲ್ಲಿ ಕಾಲು ಬಡಿದು ಮರಳಲು ಇಪ್ಪತ್ತು ನಿಮಿಷ, ಮೇಲಾಗಿ ಕೆಟ್ಟ ಯಂತ್ರದ ಭಾರ, ಸಿಲಿಂಡರಿನಲ್ಲಿ ಉಳಿದ ಗಾಳಿ ಎಷ್ಟೋ ಅಷ್ಟೆ. ಅದಕ್ಕೇ ಬಲ್ಲವರು ಮೂರರಲ್ಲೊಂದು ಪಾಲು ಗಾಳಿ ಮುಗಿಯುತ್ತಿದ್ದಂತೆ ತಿರುಗುತ್ತಾರೆ. ಯಂತ್ರ ಕೈಕೊಟ್ಟರೂ ಈಜಿ ಮರಳಬಹುದಾದ ದೂರವೇ ಅವರ ಎಲ್ಲೆ. ಜೊತೆಗಾರನ ವೇಗ ಕಡಿಮೆಯಿದ್ದರೆ ಅವನ ವೇಗವೇ ಇಬ್ಬರ ವೇಗ. ಈ ಕೊನೆಯ ಧರ್ಮವನ್ನು ಮಾತ್ರ ಡೊಂಬಿವಲಿಯವನು ಹೊಸದಾಗಿ ಕಲಿಯಬೇಕಾದೀತು.

ಇನ್ನು ಎಲ್ಲಿ ಮುಳುಗಬೇಕೆಂಬ ಕ್ಷೇತ್ರನಿರ್ಣಯದಲ್ಲಿ ಪಂಥಭೇದ ವಿಪರೀತ. ಕೆರೆಗಳ ಊರೆಂಬ ಹೆಮ್ಮೆಯ ಥಾಣೆಯವರು ಮಾಸುಂದಾ, ಉಪವನ ಎನ್ನುತ್ತಾರೆ. ಅಲ್ಲಿನ ಬೋಟಿಂಗ್ ಚೆನ್ನ, ಅಷ್ಟಕ್ಕೇ ನಿಲ್ಲಿಸೋಣ. ನವಿಮುಂಬಯಿಯವರ ಪಕ್ಷ ಥಾಣೆ ಖಾಡಿ. 2022ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು, ಚಳಿಗಾಲಕ್ಕೆ ಫ್ಲೆಮಿಂಗೊಗಳು ಬರುತ್ತವೆ. ಆದರೆ ಹಕ್ಕಿ ಮೊಣಕಾಲು ನೆನೆಯದೆ ನಿಂತ ಕಡೆ ಸ್ಕೂಟರಿಗೇನು ಕೆಲಸ? ಆಳವಿದ್ದಲ್ಲಿ ಕೆಸರು, ಚಾಚಿದ ಕೈ ಕಾಣದು. ಶಿವಾಜಿ ದುರ್ಗಾಡಿ ಕೋಟೆಯ ಬಳಿ ಹಡಗು ಕಟ್ಟಿಸಿದ ಕಲ್ಯಾಣದ ವಾದಕ್ಕೆ ಇತಿಹಾಸದ ಬಲವಿದೆ. ಈಗ ಉಲ್ಹಾಸ್ ನದಿಯಲ್ಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಲು ಅಂತರಗಂಗೆ ಕಾದು ಕೂತಿದೆ.

ನಿರ್ಣಯ: ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ' ಚಿತ್ರಕ್ಕಾಗಿ ಅಲ್ಲಿ ಮುಳುಗಿದ್ದನ್ನು ನೋಡಿ ಎಷ್ಟೋ ಜನ ಸ್ಕೂಬಾಕ್ಕೆ ಹೆಸರು ಕೊಟ್ಟರು. ಮೊದಲ ಸಲ ಹೋದವರನ್ನು ತರಬೇತುದಾರ ತಾನೇ ಹಿಡಿದುಕೊಂಡು ಇಳಿಸುತ್ತಾನೆ. ಅಂಥವರು ಅಂದೇ ಸ್ಕೂಟರ್ ಕೇಳುವುದು ಅಧಿಕಪ್ರಸಂಗ. ಮೊದಲು ಓಪನ್ ವಾಟರ್ ಸರ್ಟಿಫಿಕೇಟು, ಆಮೇಲೆ ಅನುಭವಸ್ಥನ ಜೊತೆ ಸ್ಕೂಟರ್ ಪಾಠ, ಆ ಪಾಠದಲ್ಲೂ ಓಡಿಸುವುದಕ್ಕಿಂತ ನಿಲ್ಲಿಸುವುದು ಮೊದಲು. ಮಳೆಗಾಲ ಅನಧ್ಯಯನ, ಅಂದರೆ ಪಾಠಕ್ಕೆ ರಜೆ.

ಪ್ರಯಾಣಕ್ಕೆ ರೈಲೇ ಶಾಸ್ತ್ರಸಮ್ಮತ. ಕೊನೆಯ ಡೈವ್ ಮುಗಿದು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. 160 ವ್ಯಾಟ್-ಅವರ್ ದಾಟಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ವಿಮಾನದವರು ಬಿಡುವುದೂ ಇಲ್ಲ. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧಾ ಹತ್ತಿದರೆ ಮರುದಿನ ಬೆಳಿಗ್ಗೆ ಕರಾವಳಿ. ಯಂತ್ರವನ್ನು ಅಲ್ಲೇ ಬಾಡಿಗೆಗೆ ಪಡೆಯುವುದು ಉತ್ತಮ ಪಕ್ಷ. ಸ್ವಂತದ್ದನ್ನೇ ಒಯ್ಯುತ್ತೇನೆಂದು ಹಟ ಹಿಡಿದವರನ್ನು ಪ್ಲಾಟ್‌ಫಾರ್ಮಿನಲ್ಲಿ ಪೊಲೀಸರು ತಡೆದು ಆ ಉದ್ದನೆಯ ಕೊಳವೆಯಂಥ ವಸ್ತು ಏನೆಂದು ಕೇಳಿದರೆ, ಅದರ ವಂಶಾವಳಿಯನ್ನು ಮಾತ್ರ ಹೇಳಕೂಡದು.