ಸ್ಫಟಿಕಸಂಗ್ರಹ ಮೀಮಾಂಸೆ

1. ಅಧಿಕಾರಿ ನಿರ್ಣಯ
ಯಾವ ಶಾಸ್ತ್ರವಾದರೂ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಹೇಳಬೇಕಷ್ಟೆ. ತೊಡಲು ಬಾರದ, ತಿನ್ನಲು ಬಾರದ, ಮುಟ್ಟಲೂ ಬಾರದ ಕಲ್ಲಿಗೆ ತಿಂಗಳ ಸಂಬಳ ಸುರಿಯಬಲ್ಲವನೇ ಅಧಿಕಾರಿ. ಕಲ್ಲನ್ನು ಉಜ್ಜಿ, ಕೊರೆದು, ಉಂಗುರಕ್ಕೆ ಕೂರಿಸುವವನು ಪಾಷಂಡಿ. ಹುಟ್ಟುಮುಖ ಕಳೆದುಕೊಂಡ ಸ್ಫಟಿಕ ಕುಲಗೆಟ್ಟಿತೆಂಬುದು ನಮ್ಮ ಮತ.

2. ಉತ್ಪತ್ತಿ ಪ್ರಕರಣ
ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಲಾವಾ ಹರಿಯಿತು. ಅದರೊಳಗಿನ ಅನಿಲದ ಗುಳ್ಳೆಗಳು ಆರಿದ ಕಪ್ಪುಶಿಲೆಯಲ್ಲಿ ಪೊಳ್ಳುಗಳಾಗಿ ಉಳಿದವು. ಖನಿಜ ಕರಗಿದ ನೀರು ಅಲ್ಲಿಗೆ ಜಿನುಗಿ ಸ್ಟಿಲ್ಬೈಟ್, ಹ್ಯೂಲಾಂಡೈಟ್, ಅಪೋಫಿಲೈಟ್‌ಗಳನ್ನು ಬೆಳೆಸಿತು. ಇಷ್ಟೆಲ್ಲ ನಡೆದದ್ದು ಸಂಗ್ರಾಹಕನಿಗಾಗಿಯೇ. ಅವನು ಹುಟ್ಟುವುದು ಕೊಂಚ ತಡವಾಯಿತು, ಅಷ್ಟೆ.

ಪೂರ್ವಪಕ್ಷ: ‘ಇದು ಜಲ್ಲಿ’ ಎನ್ನುತ್ತಾನೆ ಕ್ವಾರಿಯ ಮೇಸ್ತ್ರಿ.

ಸಿದ್ಧಾಂತ: ಕಡುನೀಲಿ ಖನಿಜ ಕ್ಯಾವನ್‌ಸೈಟ್ 1967ರಲ್ಲಿ ಮೊದಲು ಸಿಕ್ಕಿದ್ದು ಅಮೆರಿಕದ ಆರೆಗಾನ್‌ನಲ್ಲಿ. ಆದರೆ ಜಗತ್ತಿನ ಸಂಗ್ರಾಹಕರು ಬಾಯಿಬಿಡುವುದು ಪುಣೆ ಬಳಿಯ ವಾಘೋಲಿ ಕ್ವಾರಿಗಳ ಕ್ಯಾವನ್‌ಸೈಟಿಗೆ. ಬಂಡೆ ಒಂದೇ. ಕ್ರಷರ್ ಮೊದಲು ತಲುಪಿದರೆ ರಸ್ತೆ, ಸಂಗ್ರಾಹಕ ಮೊದಲು ತಲುಪಿದರೆ ರತ್ನ.

3. ಕಾಠಿನ್ಯ ಪ್ರಕರಣ
ಫ್ರೆಡರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಮಾನವೊಂದನ್ನು ಕಟ್ಟಿದ: ಟಾಲ್ಕ್ 1, ವಜ್ರ 10. ಉಗುರು ಸುಮಾರು 2.5. ಸಂಗ್ರಾಹಕನ ಹೃದಯವನ್ನು ಆತ ಅಳೆಯದೆ ಬಿಟ್ಟದ್ದು ಶಾಸ್ತ್ರಲೋಪ. ನೆಂಟರ ಮಗು ಗಾಜಿನ ಕಪಾಟಿನತ್ತ ಅಂಬೆಗಾಲಿಟ್ಟರೆ ಅದು 1ಕ್ಕೂ ಕೆಳಗಿಳಿಯುತ್ತದೆ. ಇನ್ನೊಬ್ಬ ಸಂಗ್ರಾಹಕ ‘ಒಂದು ಚೂರು ಕೊಡಿ ಸಾರ್’ ಎಂದರೆ 10ನ್ನೂ ದಾಟುತ್ತದೆ.

4. ಉಪದ್ರವ ಪ್ರಕರಣ
ಮನಃಶಿಲೆ ಎನ್ನುವ ಕೆಂಪು ರಿಯಾಲ್ಗರ್ ಬೆಳಕಿಗಿಟ್ಟರೆ ಕ್ರಮೇಣ ಹಳದಿ ಪುಡಿಯಾಗುತ್ತದೆ. ಉಪ್ಪಿನ ಸ್ಫಟಿಕ ಮಳೆಗಾಲದಲ್ಲಿ ನೀರೊಡೆಯುತ್ತದೆ. ಹತ್ತಿಯುಂಡೆಯಂಥ ಓಕೆನೈಟಿನ ಎಳೆಗಳು ಬೆರಳು ತಾಗಿದರೆ ಮಲಗುತ್ತವೆ, ಮತ್ತೆ ಏಳುವುದಿಲ್ಲ. ಆದಕಾರಣ ಸರ್ವೋತ್ತಮ ಸಂಗ್ರಹವೆಂದರೆ ಕತ್ತಲಲ್ಲಿ, ಡಬ್ಬಿಯೊಳಗೆ, ಯಾರಿಗೂ ಕಾಣದಂತಿರುವುದು.

ಉಪದ್ರವವೇ ಉಪಕಾರವಾದ ಅಪವಾದವೂ ಉಂಟು. 18ನೇ ಶತಮಾನದಲ್ಲಿ ಫ್ರಾನ್ಸಿನ ಪಾದ್ರಿ ರೆನೆ ಜಸ್ಟ್ ಆಯುಯಿ ಸ್ನೇಹಿತನ ಕ್ಯಾಲ್ಸೈಟನ್ನು ಕೈಜಾರಿ ಬೀಳಿಸಿದನಂತೆ. ಚೂರುಗಳೆಲ್ಲ ಒಂದೇ ಆಕಾರದಲ್ಲಿ ಒಡೆದದ್ದು ಕಂಡು ಸ್ಫಟಿಕವಿಜ್ಞಾನಕ್ಕೆ ಬುನಾದಿ ಹಾಕಿದ. ಆಗ ಕಲ್ಲಿನ ಒಡೆಯನಿಗೆ ಏನೆನ್ನಿಸಿತೆಂಬ ವಿಷಯದಲ್ಲಿ ಶಾಸ್ತ್ರ ಮೌನ.

5. ಚೀಟಿ ಮಹಾತ್ಮೆ
ಕಲ್ಲು ಯಾವ ಕ್ವಾರಿಯದೆಂದು ಬರೆದ ಚೀಟಿ ಕಳೆದರೆ ಬೆಲೆ ಕುಸಿಯುತ್ತದೆ. ಕೋಟಿಗಟ್ಟಲೆ ವರ್ಷ ಅನಾಮಧೇಯವಾಗಿ ಸುಖದಿಂದಿದ್ದ ಕಲ್ಲಿಗೆ ಈಗ ವಿಳಾಸವಿಲ್ಲದೆ ಮರ್ಯಾದೆಯಿಲ್ಲ.

6. ಫಲಶ್ರುತಿ
ಇದನ್ನು ಓದಿದವರು ಸಂಗ್ರಾಹಕನ ಮನೆಗೆ ಹೋದಾಗ ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ನೆಲದ ಮೇಲೆ ಬಿದ್ದ ಚೀಟಿಯನ್ನು ಗುಡಿಸತಕ್ಕದ್ದಲ್ಲ. ‘ಇದರಿಂದೇನು ಉಪಯೋಗ?’ ಎಂದಂತೂ ಕೇಳಲೇಬೇಡಿ. ಉಪಯೋಗಕ್ಕೆ ಬಂದ ಕಲ್ಲೆಲ್ಲ ಆಗಲೇ ರಸ್ತೆಯಾಗಿ ಹೋಗಿದೆ.